ಗಂಗತ್ತಿಯ ಹೆರಳು

ಗೊರೇಬಾಳದ ನಮ್ಮ ಮನೆಯಲ್ಲಿ ಬೀಗ ಎನ್ನುವ ವಸ್ತುವನ್ನು ನಾನು ಹತ್ತು ವರ್ಷದವಳಾಗುವ ತನಕ ನೋಡಿರಲಿಲ್ಲ. ಮೂರು ಅಂಕಣದ ಮಣ್ಣಿನ ಮಾಳಿಗೆಯ ಮನೆ ಅದು. ಮುಂದೆ ಪಡಸಾಲೆ, ಅದರ ಪಕ್ಕಕ್ಕೆ ದನದ ಕೊಟ್ಟಿಗೆ, ಒಳಗೆ ಅಡುಗೆಮನೆ, ಹಿಂದೆ ಕಲ್ಲು ಹಾಸಿದ ಬಚ್ಚಲು. ಪಡಸಾಲೆಯ ಅರ್ಧ ಜಾಗವನ್ನು ಭತ್ತದ ಚೀಲಗಳೇ ನುಂಗಿದ್ದವು. ಉಳಿದರ್ಧದಲ್ಲಿ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಬಂದವರನ್ನು ಕೂರಿಸುತ್ತಿದ್ದೆವು. ಕೊಟ್ಟಿಗೆಯ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ. ಗದ್ದೆಗೆ ಹೊಡೆಯುವ ಕೀಟನಾಶಕದ ಬಾಟಲಿಗಳನ್ನು ಅಪ್ಪ ಅದರೊಳಗೆ ಇಟ್ಟು, ಬೆನ್ನಿಗೆ ಹೊರುವ ಪಂಪನ್ನು ಅದರ ಮೇಲೆ ಇಡುತ್ತಿದ್ದ. ಮಹಾನವಮಿಗೆ ಕುಡಗೋಲು, ಸಲಿಕೆಗಳ ಸಾಲಿನಲ್ಲಿ ಆ ಪಂಪನ್ನೂ ತೊಳೆದು ನಿಲ್ಲಿಸಿ, ವಿಭೂತಿ ಬಳಿದು ಕಾಯಿ ಒಡೆಯುತ್ತಿದ್ದೆವು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. ಒಗ್ಗರಣೆಗೆ ಹಾಕುವುದೂ ಎಣ್ಣಿ, ತಲೆಗೆ ಹಚ್ಚುವುದೂ ಎಣ್ಣಿ, ಗದ್ದೆಗೆ ಹೊಡೆಯುವುದೂ ಎಣ್ಣಿ. ಯಾವ ಎಣ್ಣಿ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಎಣ್ಣಿ ಹೊಡೆದು ಬಂದ ದಿನ ಅಪ್ಪನ ಅಂಗಿಯಿಂದ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬರುತ್ತಿತ್ತು. ಅವ್ವ ಆ ಅಂಗಿಯನ್ನು ನಮ್ಮೆಲ್ಲರ ಬಟ್ಟೆಗಳ ಜೊತೆಗೇ ನೆನೆಹಾಕುತ್ತಿದ್ದಳು. ನನಗೆ ಅದು ಅಪ್ಪನ ವಾಸನೆಯೇ ಆಗಿತ್ತು. ಇವತ್ತು ವಿಷಶಾಸ್ತ್ರ ಓದಿಸುವ ನಾನು ಆ ಮನೆಯನ್ನು ನೆನೆದಾಗಲೆಲ್ಲ ಮೊದಲು ಆ ಪೆಟ್ಟಿಗೆಯ ಮುಚ್ಚಳ ಹಾಕುತ್ತೇನೆ, ಮನಸ್ಸಿನಲ್ಲೇ.

ಮನೆಯಲ್ಲಿ ಮೂವರು ಹೆಂಗಸರಿದ್ದರು. ಅಪ್ಪನ ತಾಯಿಯಾದ ಅಜ್ಜಿ, ಮಸ್ಕಿಯಿಂದ ಸೊಸೆಯಾಗಿ ಬಂದ ನನ್ನ ಅವ್ವ, ಮತ್ತು ಅಪ್ಪನ ತಂಗಿ ಗಂಗಮ್ಮ. ಗಂಗಮ್ಮನನ್ನು ನಾನು ಗಂಗತ್ತಿ ಅನ್ನುತ್ತಿದ್ದೆ. ಅವಳಿಗಾಗ ಇಪ್ಪತ್ತು ತುಂಬಿತ್ತು. ಅವಳ ಹೆರಳು ಮೊಣಕಾಲು ಮುಟ್ಟುತ್ತಿತ್ತು. ಸೋಮವಾರ ಬೆಳಿಗ್ಗೆ ಅಜ್ಜಿ ಅವಳನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಸೀಗೆಕಾಯಿ ಹಚ್ಚಿ ತಿಕ್ಕುವಾಗ ಒಂದು ಹಂಡೆ ನೀರು ಸಾಲುತ್ತಿರಲಿಲ್ಲ. ಆಮೇಲೆ ಅವಳು ಮಾಳಿಗೆಯ ಮೇಲೆ ಹೋಗಿ ಕೂದಲನ್ನು ಹರಡಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನಾನು ಅದರೊಳಗೆ ತಲೆ ತೂರಿಸಿ ಅಡಗುತ್ತಿದ್ದೆ. ನಾನು ಮಲಗುತ್ತಿದ್ದುದೂ ಅವಳ ಮಗ್ಗುಲಲ್ಲೇ. ತಮ್ಮ ಹುಟ್ಟಿದ ಮೇಲೆ ಅವ್ವನ ಹಾಸಿಗೆಯಲ್ಲಿ ನನಗೆ ಜಾಗವಿರಲಿಲ್ಲ. ಶಾಲೆಯಿಂದ ನಾನು ತಂದ ಹೇನು ಹೀಗೆ ಅವಳ ತಲೆಗೂ ಹತ್ತಿತು. ನನ್ನ ತಲೆಯನ್ನು ಅವ್ವ ಸಣ್ಣ ಹಲ್ಲಿನ ಹಣಿಗೆಯಿಂದ ವಾರಕ್ಕೆರಡು ಸಲ ಹಿಕ್ಕುತ್ತಿದ್ದಳು. ಗಂಗತ್ತಿಯ ಕಾಡಿನಂಥ ಕೂದಲಲ್ಲಿ ಆ ಹಣಿಗೆ ಇಳಿಯುತ್ತಲೇ ಇರಲಿಲ್ಲ.

ಆ ಹೊತ್ತಿಗೇ ಲಿಂಗಸುಗೂರಿನ ಕಡೆಯ ಒಂದು ಮನೆಯಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹುಡುಗನ ತಾಯಿ ಗಂಗತ್ತಿಯ ಹೆರಳಿನ ಸುದ್ದಿ ಕೇಳಿಯೇ ಒಪ್ಪಿದ್ದಾಳಂತೆ ಎಂದು ಅಜ್ಜಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಸೋಮವಾರ ಬರುವವರಿದ್ದರು. ಶುಕ್ರವಾರ ಉಣ್ಣುವಾಗ ಅವ್ವ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಒಂದು ಮಾತು ಆಡಿದಳು.

"ಅತ್ತಿ, ಅವರಿಗೆ ಮುಂದಿನ ವಾರ ಬರ್ರಿ ಅಂತ ಹೇಳಿ ಕಳಿಸೂಣ್ರಿ. ಗಂಗಾನ ತಲಿ ತುಂಬ ಹೇನು ಅದಾವು. ಅವರವ್ವ ಹೆರಳು ಕೈಯಾಗ ಹಿಡದು ನೋಡಿದ್ರ ಮರ್ಯಾದಿ ಹೋಗ್ತೈತಿ."

ಗಂಗತ್ತಿ ತಿನ್ನುತ್ತಿದ್ದ ರೊಟ್ಟಿಯನ್ನು ಗಂಗಾಳಕ್ಕೆ ಹಾಕಿದಳು. "ಹೇನು ತಂದಾಕಿ ನಿನ್ನ ಮಗಳು. ಮಾತು ಮಾತ್ರ ನನಗ."

"ನನ್ನ ಮಗಳನ್ನ ಮಗ್ಗಲಾಗ ಮಲಗಿಸ್ಕೋ ಅಂತ ನಾ ಏನ್ ಕೈ ಮುಗುದಿದ್ನಾ?"

ಹಾಗೆ ಶುರುವಾದದ್ದು ನೀರು ತರುವವರು ಯಾರು, ಕಸ ಹೊಡೆಯುವವರು ಯಾರು ಎನ್ನುವವರೆಗೆ ಹೋಯಿತು. ಕೊನೆಗೆ ಅವ್ವ ಎದ್ದು ನಿಂತು, "ಈಕಿ ಈ ಮನಿ ಬಿಟ್ಟು ಹೋದ ದಿನ ನನಗ ಹಬ್ಬ" ಅಂದಳು. ಪಕ್ಕದ ಮನೆಯವರೂ ಕೇಳುವಷ್ಟು ಜೋರಾಗಿ ಅಂದಳು.

ಮರುದಿನ ಶನಿವಾರ, ನಮಗೆ ಬೆಳಗಿನ ಶಾಲೆ. ನಾನು ಮನೆಗೆ ಬಂದಾಗ ಅವ್ವ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಗದ್ದೆಗೆ ಬುತ್ತಿ ಒಯ್ದಿದ್ದಳು, ಅಜ್ಜಿ ಓಣಿಯಲ್ಲೆಲ್ಲೋ ಕೂತಿದ್ದಳು. ಗಂಗತ್ತಿ ಬಚ್ಚಲ ಕಲ್ಲಿನ ಮೇಲೆ ಹೆರಳು ಬಿಚ್ಚಿಕೊಂಡು ಕೂತಿದ್ದಳು. ನನ್ನ ಕೈಗೆ ಒಂದು ಸಣ್ಣ ಸ್ಟೀಲಿನ ಬಟ್ಟಲು ಕೊಟ್ಟಳು.

"ಶರಣಿ, ಕೊಟಗ್ಯಾಗಿನ ಪೆಟಗ್ಯಾಗ ಎಣ್ಣಿ ಐತಲ್ಲ, ಅದನ್ನ ಇದರಾಗ ಒಂದೀಟು ಹಾಕ್ಕೊಂಡು ಬಾ. ಯಾರಿಗೂ ಹೇಳಬ್ಯಾಡ."

"ಯಾಕತ್ತಿ?"

"ಎಮ್ಮಿಗೆ ಉಣ್ಣಿ ಆದಾಗ ನಿಮ್ಮಪ್ಪ ಇದನ್ನ ಹಚ್ಚಿದ್ದ, ನೋಡಿಯಿಲ್ಲೋ? ಒಂದೂ ಉಳೀಲಿಲ್ಲ."

ನನಗೂ ಅದು ನೆನಪಿತ್ತು. ಪೆಟ್ಟಿಗೆ ತೆರೆದೆ, ಬಾಟಲಿಯ ಬಿರಡೆ ತಿರುಗಿಸಿದೆ, ಬಟ್ಟಲ ತಳ ಮುಚ್ಚುವಷ್ಟು ಸುರಿದೆ. ಬೆರಳಿಗೆ ಸ್ವಲ್ಪ ತಾಗಿತು, ಲಂಗಕ್ಕೆ ಒರೆಸಿಕೊಂಡೆ. ಗಂಗತ್ತಿ ಅದಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ ಬುಡದಿಂದ ತುದಿಯವರೆಗೆ ತಿಕ್ಕಿಕೊಂಡಳು, ಮೇಲೆ ಹಳೆಯ ಸೀರೆಯ ಚೂರು ಬಿಗಿದಳು. ಬಟ್ಟಲಲ್ಲಿ ಇನ್ನೂ ಉಳಿದಿತ್ತು. ನಾನೂ ಜಡೆ ಬಿಚ್ಚಿ ಅವಳ ಮುಂದೆ ಕೂತೆ. ಅವಳ ಕೈ ನೋಯುತ್ತಿತ್ತೇನೋ, "ನಿನಗ ಉಂಡಮ್ಯಾಲ ಹಚ್ತೀನಿ, ತಡಿ" ಅಂದಳು. ಆ ಬಟ್ಟಲಲ್ಲಿ ಉಳಿದದ್ದು ನನ್ನಷ್ಟು ತೂಕದ ಮಗುವಿಗೆ ಎಷ್ಟು ಆಗುತ್ತಿತ್ತೆಂದು ಓದುವ ದಿನಗಳಲ್ಲಿ ಒಮ್ಮೆ ಹಾಳೆಯ ಮೇಲೆ ಲೆಕ್ಕ ಹಾಕಿದ್ದೆ. ಉತ್ತರ ಬಂದ ಮೇಲೆ ಹಾಳೆ ಹರಿದು ಹಾಕಿದೆ.

ಅವ್ವ ಬರುವ ಸದ್ದು ಕೇಳಿ ಗಂಗತ್ತಿ ತಲೆಯ ಬಟ್ಟೆ ಬಿಚ್ಚಿ, ಬಟ್ಟಲು ತೊಳೆದಿಟ್ಟು, ಕೂದಲನ್ನು ತುರುಬು ಕಟ್ಟಿಕೊಂಡಳು. ಅಷ್ಟರಲ್ಲಿ ಒಂದು ತಾಸಿನ ಮೇಲಾಗಿತ್ತು. ಅಜ್ಜಿಯೂ ಬಂದಳು. ಅವ್ವ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಗಂಗತ್ತಿ ಎರಡು ತುತ್ತು ತಿಂದು ಹಣೆ ಒತ್ತಿಕೊಂಡಳು. ಬಾಯಿಂದ ಜೊಲ್ಲು ಇಳಿಯತೊಡಗಿತು. ಒರೆಸಿಕೊಂಡಷ್ಟೂ ಇಳಿಯಿತು. ಮೈ ಬೆವರಿನಿಂದ ತೊಯ್ದು ಹೋಯಿತು. ಎದ್ದು ಬಚ್ಚಲಿಗೆ ಹೋಗಲು ನೋಡಿದವಳು ಪಡಸಾಲೆಯ ಚೀಲಗಳ ಮೇಲೆ ಬಿದ್ದು ವಾಂತಿ ಮಾಡಿಕೊಂಡಳು. ತೋಳಿನ ಸ್ನಾಯುಗಳು ಚರ್ಮದ ಕೆಳಗೆ ಹುಳ ಹರಿದಂತೆ ಅದುರುತ್ತಿದ್ದವು. ಅಜ್ಜಿ ಅವಳ ಬಾಯಿ ಮೂಸಿದಳು, ಮೈ ಮೂಸಿದಳು.

"ಎಣ್ಣಿ ವಾಸನಿ," ಅಂದಳು. ಆಮೇಲೆ ಅವ್ವನ ಕಡೆ ತಿರುಗಿ, ಮೆತ್ತಗೆ ಕೇಳಿದಳು: "ಆಕಿ ಗಂಗಾಳದಾಗ ಏನ್ ಹಾಕಿದಿಬೇ ನೀ?"

ಅವ್ವನ ಕೈಯಲ್ಲಿ ಪಲ್ಲೆಯ ಸೌಟು ಹಾಗೇ ಇತ್ತು. "ಅತ್ತಿ, ಒಂದ ಗಡಿಗ್ಯಾಗಿಂದು ಎಲ್ಲಾರಿಗೂ ಹಾಕೀನ್ರಿ," ಅಂದಳು. ಅಜ್ಜಿ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ಯಾರೋ ಅಪ್ಪನನ್ನು ಕರೆತಂದರು. ಪಕ್ಕದವರ ಟ್ರ್ಯಾಕ್ಟರಿನಲ್ಲಿ ಗಂಗತ್ತಿಯನ್ನು ಸಿಂಧನೂರಿನ ಒಂದು ಖಾಸಗಿ ದವಾಖಾನೆಗೆ ಒಯ್ದರು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಭಾನುವಾರ ಬೆಳಿಗ್ಗೆ ಅಜ್ಜಿ ಸಿಂಧನೂರಿನಿಂದ ಮರಳಿ ಬಂದಾಗ ಅವ್ವ ಒಲೆ ಹೊತ್ತಿಸುತ್ತಿದ್ದಳು. ಹೊಟ್ಟೆ ತೊಳೆದಿದ್ದಾರೆ, ಸೂಜಿ ಚುಚ್ಚಿದ್ದಾರೆ, ಸ್ವಲ್ಪ ಹುಷಾರಾಗಿದ್ದಾಳೆ, ಆದರೆ ಮಾತಿಲ್ಲ ಎಂದು ಅಜ್ಜಿ ಬಾಗಿಲಲ್ಲಿ ಸೇರಿದ್ದ ಹೆಂಗಸರಿಗೆ ಹೇಳಿದಳು. ಒಳಗೆ ಬಂದು ಒಲೆಗೆ ಒಂದು ಚೊಂಬು ನೀರು ಸುರಿದಳು.

"ಇನ್ನ ಮ್ಯಾಲ ನೀ ಈ ಒಲಿ ಮುಟ್ಟಬ್ಯಾಡ."

ಬಾಗಿಲಲ್ಲಿದ್ದವರಲ್ಲಿ ಒಬ್ಬಳು, ಶುಕ್ರವಾರದ ಹಬ್ಬದ ಮಾತನ್ನು ಇನ್ನೊಬ್ಬಳಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ನಾನು ಚೀಲಗಳ ಸಂದಿಯಲ್ಲಿ ಕೂತಿದ್ದೆ. ನನಗೆ ಎಲ್ಲ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಎಣ್ಣಿ ತಂದವಳು ನಾನು ಎಂದು ಗೊತ್ತಾದರೆ ಒಲೆಗೆ ಸುರಿದ ನೀರು ನನ್ನ ಮೇಲೆ ಬೀಳುತ್ತದೆ ಎಂದು ಹೆದರಿದ್ದೆ. ಅವ್ವ ಬೈಸಿಕೊಳ್ಳುತ್ತಿರುವುದನ್ನು ನೋಡುತ್ತ ಸುಮ್ಮನೆ ಕೂತೆ.

ಅವ್ವ ಅಳಲಿಲ್ಲ. ಎರಡು ಸೀರೆ, ನಮ್ಮಿಬ್ಬರ ಬಟ್ಟೆ ಕೈಚೀಲಕ್ಕೆ ತುಂಬಿ, ತಮ್ಮನನ್ನು ಎತ್ತಿಕೊಂಡು ನನ್ನ ಕೈ ಹಿಡಿದು ಹೊರಟಳು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವ್ವನ ತವರಾದ ಮಸ್ಕಿಯ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅವ್ವ ಮೆಟ್ಟಿಲ ಮೇಲೆ ಕಾಲಿಟ್ಟು ಕೆಳಗಿಳಿದಳು.

"ಆಕೀನ ಒಮ್ಮಿ ನೋಡಿ ಹೋಗೂಣು," ಅಂದಳು, ನನಗಲ್ಲ, ತನಗೇ ಹೇಳಿಕೊಂಡ ಹಾಗೆ.

ದವಾಖಾನೆಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಅಪ್ಪ ಕೂತಿದ್ದ. ಮೈಮೇಲೆ ನಿನ್ನೆ ಗದ್ದೆಗೆ ಹಾಕಿದ್ದ ಅಂಗಿಯೇ ಇತ್ತು. ಅವ್ವನ ಕೈಯಲ್ಲಿದ್ದ ಚೀಲ ನೋಡಿದ. ಅವ್ವ ಅವನ ಎದುರಿಗೆ ನಿಂತಳು. ಅವನು ನೆಲ ನೋಡುತ್ತ, "ಈರಮ್ಮ, ಖರೇ ಹೇಳು. ಏನರ ಹಾಕಿದ್ಯಾ?" ಅಂದ.

ಅಜ್ಜಿ ಕೇಳಿದಾಗ ಉತ್ತರ ಕೊಟ್ಟಿದ್ದ ಅವ್ವ ಈಗ ತಮ್ಮನನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು, ಅಷ್ಟೇ.

ಆಗಲೇ ಒಳಗಿನಿಂದ ನರ್ಸ್ ಓಡಿ ಬಂದಳು. ಬೆಳಿಗ್ಗೆ ಚೇತರಿಸಿಕೊಂಡಿದ್ದ ಗಂಗತ್ತಿಗೆ ಮತ್ತೆ ಜೊಲ್ಲು, ಮತ್ತೆ ಅದುರು ಶುರುವಾಗಿತ್ತು. ಡಾಕ್ಟರು ಮೈಸೂರು ಕಡೆಯ ಹರೆಯದ ಹೆಣ್ಣುಮಗಳು. ಗಂಗತ್ತಿಯ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಹೊರಗೆ ಬಂದು ಅಪ್ಪನಿಗೆ ಹೇಳಿದರು:

"ಹೊಟ್ಟೆ ತೊಳೆದಾಗ ರೊಟ್ಟಿ ಬಿಟ್ಟು ಏನೂ ಬರಲಿಲ್ಲ ಕಣ್ರೀ. ಔಷಧಿ ಕೊಟ್ಟಾಗ ಸರಿಹೋಗ್ತಾರೆ, ಬಿಟ್ಟರೆ ಮತ್ತೆ ಹೀಗೆ. ಎಲ್ಲಿಂದಲೋ ವಿಷ ಇನ್ನೂ ಒಳಗೆ ಹೋಗ್ತಾನೇ ಇದೆ. ನನಗೆ ಅದು ಎಲ್ಲಿಂದ ಅಂತ ಗೊತ್ತಾಗ್ತಿಲ್ಲ."

ತೆರೆದ ಬಾಗಿಲಿಂದ ನನಗೆ ಮಂಚ ಕಾಣುತ್ತಿತ್ತು. ದಿಂಬಿನ ಮೇಲೆ ಗಂಗತ್ತಿಯ ತುರುಬು, ನಿನ್ನೆ ಕಟ್ಟಿಕೊಂಡದ್ದು, ಹಾಗೇ ಇತ್ತು.

"ಅತ್ತಿ ತಲಿಗೆ ಹಚ್ಚಿಕೊಂಡಾಳ್ರಿ," ಅಂದೆ. "ಹೇನಿಗೆ. ನಾನ ತಂದು ಕೊಟ್ಟೀನಿ."

ಡಾಕ್ಟರು ಒಳಗೆ ಧಾವಿಸಿ ಕತ್ತರಿ, ಸಾಬೂನು, ಬಿಸಿನೀರು ಎಂದು ಕೂಗಿದರು. ಆ ಸಣ್ಣ ದವಾಖಾನೆಯಲ್ಲಿ ಭಾನುವಾರ ಇದ್ದವಳು ಒಬ್ಬಳೇ ನರ್ಸ್. ಅವ್ವ ತಮ್ಮನನ್ನು ಅಪ್ಪನ ತೊಡೆಯ ಮೇಲೆ ಹಾಕಿ ಒಳಗೆ ಹೋದಳು. ಡಾಕ್ಟರು ಅವಳ ಕೈಗೂ ರಬ್ಬರಿನ ಗ್ಲೌಸ್ ಹಾಕಿದರು. ಗಂಗತ್ತಿಯ ತುರುಬು ಬಿಚ್ಚಿ, ಮೊಣಕಾಲುದ್ದದ ಕೂದಲನ್ನು ಬುಡಕ್ಕೆ ಕತ್ತರಿಸಿದವಳು ಅವ್ವನೇ. ಕತ್ತರಿ ಮೊಂಡಾಗಿತ್ತು, ಒಂದೇ ಸಲಕ್ಕೆ ಆಗಲಿಲ್ಲ. ಆಮೇಲೆ ತಲೆ, ಕುತ್ತಿಗೆ, ಬೆನ್ನು ಸಾಬೂನು ಹಚ್ಚಿ ತೊಳೆದಳು. ಡಾಕ್ಟರು ಮತ್ತೆ ಅಂದರು, ಮತ್ತೆ ತೊಳೆದಳು. ದಿಂಬು, ಹಾಸಿಗೆಯ ಬಟ್ಟೆ ಎಲ್ಲ ಬದಲಾಯಿತು.

ಅದೆಲ್ಲ ಮುಗಿದ ಮೇಲೆ ಡಾಕ್ಟರು ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದರು. ಬೈಯುತ್ತಾರೆ ಅಂದುಕೊಂಡೆ.

"ನಿನ್ನ ಕೈಗೆ ತಾಗಿತ್ತಾ ಪುಟ್ಟಿ?"

ಹೂಂ ಅಂದೆ. ನನ್ನ ಎರಡೂ ಕೈಗಳನ್ನು ಮೊಣಕೈವರೆಗೆ ತಾವೇ ತೊಳೆದರು. ತೊಳೆಯುತ್ತಲೇ, ಯಾವ ಬಣ್ಣದ ಬಾಟಲಿ, ಎಷ್ಟು ಸುರಿದೆ, ಎಷ್ಟು ಹೊತ್ತು ಹಚ್ಚಿಕೊಂಡಿದ್ದಳು, ನಿನಗೆ ಹೊಟ್ಟೆನೋವು ಬಂತಾ ಎಂದು ಒಂದೊಂದಾಗಿ ಕೇಳಿದರು. ನನ್ನ ಪ್ರತಿ ಉತ್ತರವನ್ನೂ ಒಂದು ಚೀಟಿಯ ಮೇಲೆ ಬರೆದುಕೊಂಡರು. ದೊಡ್ಡವರೊಬ್ಬರು ನಾನು ಹೇಳಿದ್ದನ್ನು ಬರೆದುಕೊಂಡದ್ದು ಅದೇ ಮೊದಲು.

ಗಂಗತ್ತಿ ಮೂರನೇ ದಿನ ಸರಿಯಾಗಿ ಕಣ್ಣು ಬಿಟ್ಟಳು. ಬೋಳು ತಲೆ ಮುಟ್ಟಿ ನೋಡಿಕೊಂಡು ಬಹಳ ಹೊತ್ತು ಅತ್ತಳು. ಅಜ್ಜಿ ಬುತ್ತಿ ತಂದಿದ್ದಳು. "ಪೆಟಗ್ಯಾಗಿನ ಎಣ್ಣಿ ನಿನಗ ಯಾರ ಕೊಟ್ರು?" ಎಂದು ಕೇಳಿದಳು. ಗಂಗತ್ತಿ ನನ್ನ ಕಡೆ ನೋಡದೆ, "ನಾನ ತಗೊಂಡೆ" ಅಂದಳು. ಅಲ್ಲೇ ನಿಂತಿದ್ದ ಅವ್ವ, "ಆಕೀನ ತಗೊಂಡಾಳ್ರಿ" ಅಂದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಶುಕ್ರವಾರದಿಂದ ಅವರಿಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಭಾನುವಾರ ನಾನು ಡಾಕ್ಟರಿಗೆ ಹೇಳಿದ್ದು ಬೆಂಚಿನ ಮೇಲಿದ್ದ ಅಪ್ಪನಿಗೂ ಕೇಳಿಸಿತ್ತು. ಅವನೂ ಬಾಯಿ ಬಿಡಲಿಲ್ಲ. ಊರಿಗೆ ಮರಳಿದ ದಿನವೇ ಸಂತೆಯಿಂದ ಒಂದು ಬೀಗ ತಂದು ಪೆಟ್ಟಿಗೆಗೆ ಹಾಕಿದ.

ಲಿಂಗಸುಗೂರಿನವರು ಬರಲಿಲ್ಲ. ಹುಡುಗಿ ಎಣ್ಣಿ ಕುಡಿದಳಂತೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ತಲೆಗೆ ಹಚ್ಚಿಕೊಂಡದ್ದು ಎಂದು ಅಪ್ಪ ಹೋಗಿ ಹೇಳಿದರೂ ಅವರು ನಂಬಲಿಲ್ಲ. ಊರಲ್ಲೇ ಅರ್ಧ ಜನ ನಂಬಲಿಲ್ಲ. ಗಂಗತ್ತಿ ವರ್ಷಗಟ್ಟಲೆ ಸೆರಗು ಹೊದ್ದೇ ಓಡಾಡಿದಳು. ಮುಂದೆ ಸಾಲಗುಂದದ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿನ ಮಕ್ಕಳ ತಾಯಂದಿರಿಗೆ ಹಣಿಗೆ ಹಿಡಿದು ಹೇನು ತೆಗೆಯುವುದನ್ನು ತಾನೇ ತೋರಿಸುತ್ತಿದ್ದಳು, ತನಗಾದದ್ದನ್ನು ಮುಚ್ಚಿಡದೆ ಹೇಳುತ್ತಿದ್ದಳು. ಮೂವತ್ತು ದಾಟಿದ ಮೇಲೆ ಅದೇ ಊರಿನ, ಹೆಂಡತಿ ತೀರಿಕೊಂಡಿದ್ದ ಒಬ್ಬ ದರ್ಜಿಯನ್ನು ಮದುವೆಯಾದಳು. ಕೂದಲು ಮತ್ತೆ ಬೆಳೆದಿತ್ತು, ಆದರೆ ಭುಜ ದಾಟಲು ಅವಳೇ ಬಿಡಲಿಲ್ಲ. ಮದುವೆಗೆ ಅವಳಿಗೆ ಹೂವು ಮುಡಿಸಿದವಳು ಅವ್ವ.

ಸಿಂಧನೂರಿನಲ್ಲಿ ಬಿ.ಎಸ್ಸಿ. ಮುಗಿಸಿ ನಾನು ವಿಷಶಾಸ್ತ್ರ ಓದಲು ದೂರದ ವಿಶ್ವವಿದ್ಯಾಲಯಕ್ಕೆ ಹೊರಟಾಗ, ಅದು ಏನು ಓದು ಎಂದು ಓಣಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಡಾಕ್ಟರಾ ಎಂದರೆ ಅಲ್ಲ. ಪೊಲೀಸರ ಕೆಲಸವಾ ಎಂದರೆ ಅದೂ ಅಲ್ಲ. ಅಪ್ಪ ಕೇಳಿದವರಿಗೆಲ್ಲ, "ನಮ್ಮ ಹುಡುಗಿ ಎಣ್ಣಿ ಓದಾಕ ಹೋಗ್ಯಾಳ" ಎನ್ನುತ್ತಿದ್ದನಂತೆ. ಮೊದಲ ವರ್ಷವೇ ನಮಗೆ ಕಲಿಸಿದ್ದು, ಒಂದು ವಸ್ತು ವಿಷವೋ ಅಲ್ಲವೋ ಎನ್ನುವುದು ಅದು ಎಷ್ಟು, ಎಷ್ಟು ಹೊತ್ತು, ಯಾವ ದಾರಿಯಿಂದ ದೇಹಕ್ಕೆ ಹೋಯಿತು ಎನ್ನುವುದರ ಮೇಲೆ ನಿಂತಿದೆ ಎಂದು. ಚರ್ಮ ಒಂದು ಗೋಡೆಯಲ್ಲ, ಅದೂ ಒಂದು ಬಾಗಿಲು ಎಂದು ಮೇಷ್ಟ್ರು ಹೇಳಿದ ದಿನ ನಾನು ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತ ಕೂತೆ. ಈಗ ಪಾಠ ಹೇಳುವುದರ ಹೊರತಾಗಿ ನನ್ನ ಕೆಲಸ ಅರ್ಧ ಪ್ರಯೋಗಾಲಯದಲ್ಲಿ, ಗದ್ದೆಯಲ್ಲಿ ದುಡಿಯುವವರ ರಕ್ತದ ಮಾದರಿಗಳ ನಡುವೆ. ಅರ್ಧ ಅವರ ಮನೆಗಳಲ್ಲಿ. ದಢೇಸುಗೂರಿನಲ್ಲಿ ಒಮ್ಮೆ ಎಣ್ಣಿ ಹೊಡೆಯುವವನೊಬ್ಬ ಮೂರ್ಛೆ ಬಿದ್ದಿದ್ದ. ಮನೆಯ ಜಗಳಕ್ಕೆ ವಿಷ ಕುಡಿದಿದ್ದಾನೆ ಎಂದು ಅವನ ಹೆಂಡತಿಯನ್ನು ಸುತ್ತಲಿನವರೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ನಾನು ಅವನ ಪಂಪನ್ನು ತರಿಸಿ ನೀರು ತುಂಬಿಸಿದೆ. ತಳದಿಂದ ಸೋರುತ್ತಿತ್ತು, ಬೆಳಗಿನಿಂದ ಅವನ ಬೆನ್ನು ತೊಯ್ದಿತ್ತು. ಪ್ರತಿ ಮನೆಯಲ್ಲೂ ಮೊದಲು ಹುಟ್ಟುವ ಪ್ರಶ್ನೆ ಯಾರು ಎನ್ನುವುದು. ನಾನು ಅದನ್ನು ಬದಿಗಿಟ್ಟು ಎಲ್ಲಿಂದ ಎಂದು ಕೇಳುತ್ತೇನೆ. ಇದನ್ನು ನನಗೆ ಪಾಠಕ್ಕಿಂತ ಮೊದಲು ಆ ದವಾಖಾನೆ ಕಲಿಸಿತ್ತು, ಮತ್ತು ಗಂಗತ್ತಿ ಮನೆಗೆ ಮರಳಿದ ದಿನದ ಊಟ.

ಎಂಟು ದಿನ ದವಾಖಾನೆಯಲ್ಲಿ ಗಂಗತ್ತಿಯ ಜೊತೆ ಇದ್ದವಳು ಅವ್ವ. ಮನೆಯಲ್ಲಿ ಅಡುಗೆ ಅಜ್ಜಿಯದು. ಒಂಬತ್ತನೇ ದಿನ ಮಧ್ಯಾಹ್ನ ದವಾಖಾನೆಯಲ್ಲಿದ್ದವರೆಲ್ಲ ಒಟ್ಟಿಗೆ ಮನೆಗೆ ಬಂದೆವು. ಗಂಗತ್ತಿಯನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಅವ್ವ ಕಾಲು ತೊಳೆದು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತಳು. ಒಳಗೆ ಕಾಲಿಡಲಿಲ್ಲ. ಒಲೆಯ ಮುಂದೆ ಕೂತಿದ್ದ ಅಜ್ಜಿ ತಿರುಗಿ ನೋಡಿದಳು. ಆಮೇಲೆ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು.

"ಹಿಟ್ಟು ನಾದಿಟ್ಟೀನಿ. ನನ್ನ ಕೈಲೆ ರೊಟ್ಟಿ ಸೀಳಾಕತ್ತಾವು. ನೀ ಬಡಿ," ಅಂದಳು.

ಅವ್ವ ಒಳಗೆ ಹೋಗಿ ಕೂತಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಮೊದಲ ರೊಟ್ಟಿ ಬುಟ್ಟಿಗೆ ಬಿದ್ದಾಗ ಅಜ್ಜಿ ಯಾರಿಗೂ ಕಾಯದೆ ಅದನ್ನು ತಾನೇ ತೆಗೆದುಕೊಂಡಳು. ಅವ್ವನಿಂದಲೇ ಪಲ್ಲೆ ಹಾಕಿಸಿಕೊಂಡು, ಗಂಗತ್ತಿಯ ಎದುರಿಗೆ ಕೂತು, ಎಲ್ಲರೂ ನೋಡುವ ಹಾಗೆ ಉಂಡಳು. ಎರಡನೆಯ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಂಡಳು. ಅದಕ್ಕಿಂತ ಹೆಚ್ಚಿನದನ್ನು ಅಜ್ಜಿ ಬದುಕಿರುವ ತನಕ ಹೇಳಲಿಲ್ಲ. ಗಂಗತ್ತಿಗೆ, ನನಗೆ ಅವ್ವ ಬಡಿಸಿದಳು. ಅಪ್ಪ ಗಂಗಾಳದ ಮುಂದೆ ಕೂತಿದ್ದ. ಅವನ ಗಂಗಾಳಕ್ಕೆ ಏನೂ ಬೀಳಲಿಲ್ಲ. ಅವನು ಕೇಳಲೂ ಇಲ್ಲ, ಏಳಲೂ ಇಲ್ಲ. ನಾವು ಅರ್ಧ ಉಂಡಾಗಿತ್ತು.

"ಅವತ್ತು ದವಾಖಾನ್ಯಾಗ ನಾ ಹಂಗ ಕೇಳಬಾರದಿತ್ತು," ಅಂದ.

ಅವ್ವ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬುವವರೆಗೆ ಕಾದಳು.

"ಹೌದು. ಕೇಳಬಾರದಿತ್ತು," ಅಂದಳು.

ಆ ರೊಟ್ಟಿಯನ್ನು ತಂದು ಅವನ ಗಂಗಾಳಕ್ಕೆ ಹಾಕಿದಳು, ಪಕ್ಕಕ್ಕೆ ಪಲ್ಲೆ ಬಡಿಸಿದಳು, ಮತ್ತೆ ಹೋಗಿ ಒಲೆಯ ಮುಂದೆ ಕೂತಳು. ಅಪ್ಪ ತಲೆ ಎತ್ತದೆ ಉಂಡ.